ಪ್ರವಾಸದ ಪರಿಸರ ಲೆಕ್ಕ: ಜೀವನಚಕ್ರ ಮೌಲ್ಯಮಾಪನದ ಮುಖ್ಯಾಂಶಗಳು

ಜಲಪಾತದ ಬುಡದಲ್ಲಿ ಬಿದ್ದಿರುವ ನೀರಿನ ಬಾಟಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಎಸೆದವರ ಕಾರು ದಾರಿಯುದ್ದಕ್ಕೂ ಸುಟ್ಟ ಪೆಟ್ರೋಲು ಯಾರಿಗೂ ಕಾಣುವುದಿಲ್ಲ. ‘ಪ್ರವಾಸೋದ್ಯಮ ಮತ್ತು ಪರಿಸರ’ ಎಂಬ ಪರೀಕ್ಷಾ ಪ್ರಶ್ನೆಗೆ ಬರುವ ಬಹುಪಾಲು ಉತ್ತರಗಳು ಬಾಟಲಿಯಿಂದ ಶುರುವಾಗಿ ಬಾಟಲಿಯಲ್ಲೇ ಮುಗಿಯುತ್ತವೆ. ಅಂಕವೂ ಅಲ್ಲಿಗೇ ನಿಲ್ಲುತ್ತದೆ. ಜೀವನಚಕ್ರ ಮೌಲ್ಯಮಾಪನ, ಅಂದರೆ ಎಲ್‌ಸಿಎ, ಪ್ರವಾಸಿ ಮನೆ ಬಿಟ್ಟ ಗಳಿಗೆಯಿಂದ ಮನೆ ಸೇರುವವರೆಗಿನ ಲೆಕ್ಕ ಕೇಳುತ್ತದೆ. ಅವನು ತಂಗಿದ ಕಟ್ಟಡದ ಸಿಮೆಂಟು, ತಿಂದ ಊಟದ ಅಕ್ಕಿ, ಹೊದ್ದ ಹೊದಿಕೆ ತೊಳೆದ ನೀರು, ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ. ಓದುವಾಗ ಒಂದು ಪ್ರಶ್ನೆ ಸದಾ ಮುಂದಿರಲಿ: ಲೆಕ್ಕದ ಗಡಿಯನ್ನು ಎಲ್ಲಿ ಹಾಕಲಾಗಿದೆ? ಜಾಗತಿಕ ಹೊರಸೂಸುವಿಕೆಯಲ್ಲಿ ಒಂದೇ ಪ್ರವಾಸೋದ್ಯಮದ ಪಾಲಿಗೆ ಶೇ 5, ಶೇ 8, ಶೇ 8.8 ಎಂಬ ಬೇರೆ ಬೇರೆ ಅಂಕಿಗಳು ಪುಸ್ತಕಗಳಲ್ಲಿ ಓಡಾಡುತ್ತಿರುವುದಕ್ಕೆ ದೊಡ್ಡ ಕಾರಣ ಅದೇ.

ಮೊದಲು ಕಂಠಪಾಠಕ್ಕೆ

• ಎಲ್‌ಸಿಎ ಎಂದರೆ ಒಂದು ವಸ್ತು ಅಥವಾ ಸೇವೆ ತನ್ನ ಇಡೀ ಆಯುಷ್ಯದಲ್ಲಿ, ಕಚ್ಚಾವಸ್ತು ತೆಗೆಯುವುದರಿಂದ ಹಿಡಿದು ತ್ಯಾಜ್ಯವಾಗುವವರೆಗೆ, ಪರಿಸರದ ಮೇಲೆ ಹೇರುವ ಹೊರೆಯನ್ನು ಲೆಕ್ಕಹಾಕುವ ವಿಧಾನ. ಕಾರ್ಖಾನೆ ಬಾಗಿಲಿನವರೆಗಿನ ಲೆಕ್ಕಕ್ಕೆ ‘ತೊಟ್ಟಿಲಿನಿಂದ ಬಾಗಿಲವರೆಗೆ’ ಎಂದೂ, ಪೂರ್ತಿ ಲೆಕ್ಕಕ್ಕೆ ‘ತೊಟ್ಟಿಲಿನಿಂದ ಮಸಣದವರೆಗೆ’ ಎಂದೂ ಹೇಳುವುದುಂಟು.

• ಆರಂಭ: 1969ರಲ್ಲಿ ಕೋಕಾ-ಕೋಲಾ ಕಂಪನಿಗಾಗಿ ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್ ನಡೆಸಿದ ಪಾನೀಯ ಡಬ್ಬಿ-ಬಾಟಲಿಗಳ ಹೋಲಿಕೆಯನ್ನು ಈ ವಿಧಾನದ ಮೊದಲ ಹೆಜ್ಜೆ ಎಂದು ಗುರುತಿಸುತ್ತಾರೆ.

• ಮಾನದಂಡ: ಐಎಸ್‌ಒ 14040 (ತತ್ತ್ವ ಮತ್ತು ಚೌಕಟ್ಟು) ಮತ್ತು ಐಎಸ್‌ಒ 14044 (ಅಗತ್ಯಗಳು ಮತ್ತು ಮಾರ್ಗಸೂಚಿ). 14040 ಮೊದಲು ಬಂದದ್ದು 1997ರಲ್ಲಿ; ಈಗ ಬಳಕೆಯಲ್ಲಿರುವುದು 2006ರ ಆವೃತ್ತಿ. ನೀರಿನ ಹೆಜ್ಜೆಗುರುತಿಗೆ 14046, ಉತ್ಪನ್ನದ ಇಂಗಾಲದ ಹೆಜ್ಜೆಗುರುತಿಗೆ 14067. ಇವುಗಳನ್ನು 14001ರ ಜೊತೆ ಗೊಂದಲ ಮಾಡಿಕೊಳ್ಳಬಾರದು. 14001 ಸಂಸ್ಥೆಯೊಂದರ ಪರಿಸರ ನಿರ್ವಹಣಾ ವ್ಯವಸ್ಥೆಯದು. ಹೋಟೆಲಿನ ಸ್ವಾಗತ ಕೊಠಡಿಯಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿರುವುದು ಸಾಮಾನ್ಯವಾಗಿ ಅದರ ಪ್ರಮಾಣಪತ್ರವೇ.

• ಹಂತಗಳು ನಾಲ್ಕು: ಗುರಿ ಮತ್ತು ವ್ಯಾಪ್ತಿಯ ನಿರ್ಧಾರ, ದಾಸ್ತಾನು ವಿಶ್ಲೇಷಣೆ, ಪರಿಣಾಮಗಳ ಅಂದಾಜು, ಅರ್ಥೈಸುವಿಕೆ. ನಾಲ್ಕನೆಯದು ಕೊನೆಯಲ್ಲಿ ಮಾತ್ರ ಬರುವಂಥದ್ದಲ್ಲ, ಮೊದಲ ಮೂರಕ್ಕೂ ಹಿಂತಿರುಗಿ ತಿದ್ದುವಂಥದ್ದು. ವಸ್ತುನಿಷ್ಠ ಪ್ರಶ್ನೆಯಲ್ಲಿ ಹಂತಗಳ ಅನುಕ್ರಮ ಕೇಳುವ ಸಾಧ್ಯತೆ ಹೆಚ್ಚು.

ಪ್ರವಾಸಿ ಯಾರು?

ವಿಶ್ವಸಂಸ್ಥೆಯ ವ್ಯಾಖ್ಯೆಯಲ್ಲಿ ತನ್ನ ದಿನನಿತ್ಯದ ಪರಿಸರ ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ, ಅಲ್ಲಿ ಸಂಬಳದ ಕೆಲಸಕ್ಕೆ ಸೇರುವ ಉದ್ದೇಶವಿಲ್ಲದೆ ಹೋದವರೆಲ್ಲ ಸಂದರ್ಶಕರು. ಒಂದು ರಾತ್ರಿಯಾದರೂ ತಂಗಿದರೆ ಪ್ರವಾಸಿ, ಇಲ್ಲವಾದರೆ ದಿನದ ಸಂದರ್ಶಕ. ಹೀಗಾಗಿ ಧರ್ಮಸ್ಥಳಕ್ಕೆ ಹೋಗಿ ರಾತ್ರಿ ಉಳಿಯುವ ಭಕ್ತರೂ, ದೆಹಲಿಗೆ ಸಭೆಗೆ ಹೋಗುವ ಅಧಿಕಾರಿಯೂ, ತಂಗಿಯ ಮದುವೆಗೆ ಊರಿಗೆ ಬರುವವರೂ ಪ್ರವಾಸಿಗಳೇ. ಮೋಜಿಗೆ ಹೋದವರದ್ದಷ್ಟೇ ಪ್ರವಾಸ ಎಂದು ಬರೆದರೆ ಲೆಕ್ಕದ ದೊಡ್ಡ ಭಾಗ ಆರಂಭದಲ್ಲೇ ಹೊರಗುಳಿಯುತ್ತದೆ.

ಕಾರ್ಯಘಟಕ: ಅಂಕ ಗೆಲ್ಲುವ ಜಾಗ

ಎಲ್‌ಸಿಎಯಲ್ಲಿ ಎಲ್ಲ ಅಂಕಿಗಳನ್ನೂ ಯಾವುದೋ ಒಂದು ಅಳತೆಗೆ ಕಟ್ಟಬೇಕು. ಅದನ್ನೇ ಕಾರ್ಯಘಟಕ ಎನ್ನುವುದು. ಪ್ರವಾಸೋದ್ಯಮದಲ್ಲಿ ಬಳಕೆಯಲ್ಲಿರುವವು: ಒಬ್ಬ ಅತಿಥಿಯ ಒಂದು ರಾತ್ರಿ, ಬಳಸಿದ ಕೋಣೆಯ ಒಂದು ರಾತ್ರಿ, ಒಬ್ಬ ಪ್ರವಾಸಿಯ ಒಂದು ಪ್ರವಾಸ, ಒಬ್ಬ ಪ್ರಯಾಣಿಕನ ಒಂದು ಕಿಲೋಮೀಟರ್. ಯಾವುದನ್ನು ಆರಿಸಿಕೊಂಡರೆ ಫಲಿತಾಂಶ ಹೇಗೆ ತಿರುಗುತ್ತದೆ ಎನ್ನುವುದಕ್ಕೆ ಬೆಂಗಳೂರು-ಮಡಿಕೇರಿ ಪ್ರವಾಸವನ್ನೇ ತೆಗೆದುಕೊಳ್ಳೋಣ. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ, ರಸ್ತೆಯೇ ಗತಿ. ಹಾಗಾಗಿ ಲೆಕ್ಕ ಸರಳ.

ಬಳಸುವ ಗುಣಾಂಕಗಳು ಇವು: ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕೆ.ಜಿ., ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ಕೆ.ಜಿ. ಅಡುಗೆ ಅನಿಲಕ್ಕೆ ಸುಮಾರು 3 ಕೆ.ಜಿ. ಭಾರತದ ವಿದ್ಯುತ್ ಜಾಲದಿಂದ ಬರುವ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ವಿಮಾನದ ಇಂಧನ ಒಂದು ಕೆ.ಜಿ. ಉರಿದರೆ 3.16 ಕೆ.ಜಿ. ಇವಿಷ್ಟು ನೆನಪಿದ್ದರೆ ಬಹುತೇಕ ಲೆಕ್ಕಗಳನ್ನು ಪರೀಕ್ಷಾ ಕೊಠಡಿಯಲ್ಲೇ ಮಾಡಬಹುದು.

ನಾಲ್ವರು ಒಂದು ಕಾರಿನಲ್ಲಿ ಹೋಗುತ್ತಾರೆ ಎನ್ನಿ. ಹೋಗಿ ಬರುವುದು ಸುಮಾರು 540 ಕಿ.ಮೀ., ಅಲ್ಲಿನ ತಿರುಗಾಟ 60, ಒಟ್ಟು 600. ಲೀಟರಿಗೆ 15 ಕಿ.ಮೀ. ಹಿಡಿದರೆ 40 ಲೀಟರ್, ಅಂದರೆ 92 ಕೆ.ಜಿ.; ತಲೆಗೆ 23. ಎರಡು ಕೋಣೆ, ಎರಡು ರಾತ್ರಿ, ಕೋಣೆಗೆ ರಾತ್ರಿಯೊಂದಕ್ಕೆ 20 ಯೂನಿಟ್ ಎಂದು ಇಟ್ಟುಕೊಂಡರೆ 80 ಯೂನಿಟ್, 56 ಕೆ.ಜಿ.; ತಲೆಗೆ 14. ಒಟ್ಟು ತಲೆಗೆ 37 ಕೆ.ಜಿ. ಅದೇ ಕಾರಿನಲ್ಲಿ ಒಬ್ಬರೇ ಹೋಗಿ ಒಬ್ಬರೇ ಕೋಣೆ ಹಿಡಿದರೆ 92ಕ್ಕೆ 28 ಸೇರಿ 120. ಕಾರು ಬದಲಾಗಿಲ್ಲ, ದಾರಿ ಬದಲಾಗಿಲ್ಲ, ಹೊರೆ ಮೂರು ಪಟ್ಟು ದಾಟಿತು. ಸಾರಿಗೆ ಬಸ್ಸಿನಲ್ಲಿ ಹೋದರೆ? ಲೀಟರಿಗೆ 4.5 ಕಿ.ಮೀ., 40 ಪ್ರಯಾಣಿಕರು ಎಂದಿಟ್ಟುಕೊಂಡರೆ 540 ಕಿ.ಮೀ.ಗೆ 120 ಲೀಟರ್ ಡೀಸೆಲ್, 324 ಕೆ.ಜಿ.; ತಲೆಗೆ ಬರೀ 8.

ನಾಲ್ವರ ಕಾರಿನ ಉದಾಹರಣೆಯನ್ನೇ ಮುಂದುವರಿಸೋಣ. ಎರಡು ರಾತ್ರಿಯ ಬದಲು ನಾಲ್ಕು ರಾತ್ರಿ ಉಳಿದರೆ ತಲೆಗೆ 23ಕ್ಕೆ 28 ಸೇರಿ 51 ಕೆ.ಜಿ. ‘ಒಂದು ಪ್ರವಾಸ’ವನ್ನು ಘಟಕ ಮಾಡಿಕೊಂಡವರಿಗೆ ಹೊರೆ 37ರಿಂದ 51ಕ್ಕೆ ಏರಿದಂತೆ ಕಾಣುತ್ತದೆ. ‘ಒಂದು ರಾತ್ರಿ’ಯನ್ನು ಘಟಕ ಮಾಡಿಕೊಂಡವರಿಗೆ 18.5ರಿಂದ 12.75ಕ್ಕೆ ಇಳಿದಂತೆ ಕಾಣುತ್ತದೆ. ಇಬ್ಬರ ಗಣಿತವೂ ಸರಿ. ನೀತಿಗೆ ಬೇಕಾದ ಉತ್ತರ ಮೂರನೆಯದು: ವರ್ಷಕ್ಕೆ ಎರಡು ಸಲ ಎರಡೆರಡು ರಾತ್ರಿ ಹೋಗುವುದನ್ನು ಬಿಟ್ಟು ಒಂದೇ ಸಲ ನಾಲ್ಕು ರಾತ್ರಿ ಉಳಿದರೆ 74ರ ಬದಲು 51. ‘ಕಡಿಮೆ ಸಲ ಹೋಗಿ, ಹೆಚ್ಚು ದಿನ ಉಳಿಯಿರಿ’ ಎಂಬ ಸಲಹೆಯ ಹಿಂದಿರುವ ತರ್ಕ ಇದೇ. ವಾರಾಂತ್ಯಕ್ಕೆ ಘಾಟಿ ಹತ್ತಿ ಇಳಿಯುವ ಬೆಂಗಳೂರಿನ ರೂಢಿಗೆ ಇದು ರುಚಿಸುವ ಸಲಹೆಯಲ್ಲ.

ಮೇಲಿನ ಲೆಕ್ಕ ಎಲ್‌ಸಿಎಯ ಪೂರ್ಣ ರೂಪವಲ್ಲ ಎಂಬುದನ್ನೂ ಉತ್ತರದಲ್ಲಿ ಒಂದು ವಾಕ್ಯ ಬರೆಯಬೇಕು. ಕಚ್ಚಾತೈಲ ತೆಗೆದು, ಸಂಸ್ಕರಿಸಿ, ಬಂಕಿಗೆ ತಂದ ಹೊರೆ ಇದರಲ್ಲಿಲ್ಲ. ಕಾರು, ರಸ್ತೆ, ಹೋಂಸ್ಟೇ ಕಟ್ಟಿದ ಹೊರೆ ಇಲ್ಲ. ಊಟವೂ ಇಲ್ಲ. ಅವನ್ನೆಲ್ಲ ಸೇರಿಸಿದಾಗಲೇ ಅದು ಜೀವನಚಕ್ರದ ಲೆಕ್ಕ.

ಗಡಿ ಮತ್ತು ಹಂಚಿಕೆ

• ಕಟ್ಟಡದ ಹೊರೆಯನ್ನು ಅದರ ಬಾಳಿಕೆಯ ವರ್ಷಗಳಿಗೆ, ಸಾಮಾನ್ಯವಾಗಿ 50 ವರ್ಷಕ್ಕೆ, ಹಂಚಿ ಪ್ರತಿ ರಾತ್ರಿಗೆ ಪಾಲು ಹಾಕುತ್ತಾರೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ 7-8. ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಒಡೆದು ಕಟ್ಟುವ ರೆಸಾರ್ಟು ಕಾಗದದ ಮೇಲೆ ಎಷ್ಟೇ ಹಸಿರಾಗಿದ್ದರೂ ಲೆಕ್ಕದಲ್ಲಿ ಸೋಲುತ್ತದೆ.

• ಒಂದೇ ಸೌಲಭ್ಯವನ್ನು ಹಲವರು ಬಳಸಿದಾಗ ಪಾಲು ಹೇಗೆ? ಹೋಟೆಲಿನ ಅಡುಗೆಮನೆ ತಂಗಿದವರಿಗೂ ಬಡಿಸುತ್ತದೆ, ಕೆಳಗಿನ ಸಭಾಂಗಣದ ಮದುವೆಗೂ ಬಡಿಸುತ್ತದೆ. ವಿಮಾನ ಪ್ರಯಾಣಿಕರನ್ನೂ ಹೊರುತ್ತದೆ, ಸರಕನ್ನೂ ಹೊರುತ್ತದೆ. ತೂಕ, ಹಣ ಅಥವಾ ಬಳಕೆಯ ಸಮಯದ ಆಧಾರದ ಮೇಲೆ ಹೊರೆಯನ್ನು ಹಂಚುವುದಕ್ಕೆ ಹಂಚಿಕೆ ಎನ್ನುತ್ತಾರೆ. ಸಾಧ್ಯವಿದ್ದಲ್ಲಿ ಪ್ರಕ್ರಿಯೆಯನ್ನೇ ಬಿಡಿಸಿ ಹಂಚಿಕೆಯನ್ನು ತಪ್ಪಿಸಬೇಕು ಎಂಬುದು ಐಎಸ್‌ಒ 14044ರ ಮೊದಲ ಆದ್ಯತೆ.

• ವಿಧಾನಗಳಲ್ಲಿ ಎರಡು ದಾರಿ. ಕೆಳಗಿನಿಂದ ಮೇಲಕ್ಕೆ ಹೋಗುವ ಪ್ರಕ್ರಿಯಾ ಎಲ್‌ಸಿಎ ಒಂದು ಹೋಟೆಲಿಗೆ, ಒಂದು ಪ್ಯಾಕೇಜ್ ಪ್ರವಾಸಕ್ಕೆ ಒಗ್ಗುತ್ತದೆ. ಆದರೆ ಪೂರೈಕೆ ಸರಪಳಿಯ ದೂರದ ಕೊಂಡಿಗಳು ತಪ್ಪಿಹೋಗುತ್ತವೆ. ಮೇಲಿನಿಂದ ಕೆಳಕ್ಕೆ ಬರುವ ಹೂಡುವಳಿ-ಹುಟ್ಟುವಳಿ ವಿಧಾನ ಇಡೀ ದೇಶದ ಆರ್ಥಿಕ ಕೋಷ್ಟಕದಿಂದ ಹೊರಡುತ್ತದೆ. ಏನೂ ತಪ್ಪಿಹೋಗುವುದಿಲ್ಲ, ಆದರೆ ಐಷಾರಾಮಿ ರೆಸಾರ್ಟಿಗೂ ಊರ ಲಾಡ್ಜಿಗೂ ಒಂದೇ ಸರಾಸರಿ ಬೀಳುತ್ತದೆ. ಈ ಕೋಷ್ಟಕದ ಜನಕ ವಾಸಿಲಿ ಲಿಯಾಂಟೀಫ್‌ಗೆ 1973ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎರಡನ್ನೂ ಬೆರೆಸಿದ್ದು ಮಿಶ್ರ ಎಲ್‌ಸಿಎ.

ಇಂಗಾಲ ಒಂದೇ ಅಲ್ಲ

ಪರಿಣಾಮದ ವರ್ಗಗಳು: ಹವಾಮಾನ ಬದಲಾವಣೆ, ಓಝೋನ್ ಪದರದ ಕ್ಷಯ, ಆಮ್ಲೀಕರಣ, ಜಲಮೂಲಗಳಲ್ಲಿ ಪೋಷಕಾಂಶ ಹೆಚ್ಚಿ ಪಾಚಿ ಕಟ್ಟುವ ಯೂಟ್ರೊಫಿಕೇಶನ್, ಹೊಗೆಮಂಜು, ವಿಷಕಾರಕತೆ, ನೀರಿನ ಬಳಕೆ, ಭೂಬಳಕೆ, ಖನಿಜ-ಇಂಧನಗಳ ಸವಕಳಿ. ಇವು ಮಧ್ಯಬಿಂದು ಸೂಚಕಗಳು. ಇವನ್ನೆಲ್ಲ ಮಾನವ ಆರೋಗ್ಯ, ಪರಿಸರ ವ್ಯವಸ್ಥೆ, ಸಂಪನ್ಮೂಲ ಎಂಬ ಮೂರಕ್ಕೆ ಇಳಿಸಿದರೆ ಅಂತ್ಯಬಿಂದು ಸೂಚಕಗಳು. ರೆಸಿಪಿ, ಸಿಎಂಎಲ್, ಟ್ರೇಸಿ ಈ ಕೆಲಸದ ಪರಿಚಿತ ವಿಧಾನಗಳು. ದತ್ತಾಂಶಕ್ಕೆ ಸ್ವಿಟ್ಜರ್ಲೆಂಡ್ ಮೂಲದ ಇಕೋಇನ್ವೆಂಟ್.

ಹಸಿರುಮನೆ ಅನಿಲಗಳನ್ನು 100 ವರ್ಷದ ತಾಪಮಾನ ಏರಿಕೆ ಸಾಮರ್ಥ್ಯದಿಂದ ಇಂಗಾಲದ ಡೈಆಕ್ಸೈಡ್ ಸಮಾನಕ್ಕೆ ತರುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಐದನೇ ವರದಿಯಲ್ಲಿ ಮೀಥೇನ್ 28, ನೈಟ್ರಸ್ ಆಕ್ಸೈಡ್ 265. ಆರನೇ ವರದಿಯಲ್ಲಿ ಮೀಥೇನ್ ಮೂಲವನ್ನು ಅವಲಂಬಿಸಿ ಸುಮಾರು 27ರಿಂದ 30, ನೈಟ್ರಸ್ ಆಕ್ಸೈಡ್ 273. ಹೋಟೆಲುಗಳ ಮಟ್ಟಿಗೆ ಮರೆಯಬಾರದ್ದು ಎಸಿಯ ಅನಿಲ: ಆರ್-410ಎ ಸೋರಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಪ್ರಬಲ. ಒಂದು ಕೆ.ಜಿ. ಸೋರಿಕೆ ಎಂದರೆ ಎರಡು ಟನ್. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಒಪ್ಪಂದ 2016ರ ಕಿಗಾಲಿ ತಿದ್ದುಪಡಿ.

ಜಾಗತಿಕ ಅಂಕಿಗಳು ಏಕೆ ಹೊಂದುವುದಿಲ್ಲ?

2008ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ವಿಶ್ವ ಹವಾಮಾನ ಸಂಸ್ಥೆ ಒಟ್ಟಾಗಿ ಹೊರತಂದ ವರದಿಯ ಪ್ರಕಾರ 2005ರಲ್ಲಿ ಪ್ರವಾಸೋದ್ಯಮದ ಪಾಲು ಜಾಗತಿಕ ಇಂಗಾಲದ ಡೈಆಕ್ಸೈಡ್‌ನ ಸುಮಾರು ಶೇ 5, ಅಂದರೆ ಸುಮಾರು 130 ಕೋಟಿ ಟನ್. ಒಳಹಂಚಿಕೆ: ವಿಮಾನ ಶೇ 40, ಕಾರು ಶೇ 32, ಇತರ ಸಾರಿಗೆ ಶೇ 3, ವಸತಿ ಶೇ 21, ಉಳಿದ ಚಟುವಟಿಕೆ ಶೇ 4. ಅಂದರೆ ಮುಕ್ಕಾಲು ಪಾಲು ದಾರಿಯಲ್ಲೇ ಮುಗಿದಿರುತ್ತದೆ.

2018ರಲ್ಲಿ ಮ್ಯಾನ್‌ಫ್ರೆಡ್ ಲೆನ್‌ಝೆನ್ ಮತ್ತು ಸಂಗಡಿಗರು ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ 160 ದೇಶಗಳ ಲೆಕ್ಕ ಪ್ರಕಟಿಸಿದರು. 2009ರಿಂದ 2013ರ ನಡುವೆ ಹೊರೆ 390 ಕೋಟಿ ಟನ್ನಿನಿಂದ 450 ಕೋಟಿ ಟನ್ನಿಗೆ ಏರಿತ್ತು. ಜಾಗತಿಕ ಹಸಿರುಮನೆ ಅನಿಲಗಳ ಶೇ 8ರಷ್ಟು. 2005ರ 130 ಕೋಟಿಯಿಂದ 2009ರ 390 ಕೋಟಿಗೆ: ನಾಲ್ಕೇ ವರ್ಷದಲ್ಲಿ ಪ್ರವಾಸಿಗಳು ದಿಢೀರನೆ ಮೂರು ಪಟ್ಟಾದರೇ? ಇಲ್ಲ. ಇವರು ಹೂಡುವಳಿ-ಹುಟ್ಟುವಳಿ ಕೋಷ್ಟಕ ಹಿಡಿದು ಪ್ರವಾಸಿಯ ಊಟ, ಖರೀದಿ, ಅವುಗಳ ಹಿಂದಿನ ಪೂರೈಕೆ ಸರಪಳಿ ಎಲ್ಲವನ್ನೂ ಒಳಗೆ ತಂದರು. ಜೊತೆಗೆ ಇಂಗಾಲದ ಡೈಆಕ್ಸೈಡ್ ಮಾತ್ರವಲ್ಲದೆ ಮೀಥೇನ್ ಮುಂತಾದವನ್ನೂ ಎಣಿಸಿದರು. ಬಹುಪಾಲು ಬದಲಾದದ್ದು ಗಡಿ. 2024ರ ಕೊನೆಯಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ನಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ 2019ರಲ್ಲಿ ಅದು 520 ಕೋಟಿ ಟನ್, ಶೇ 8.8. 2009ರಿಂದ 2019ರವರೆಗೆ ವರ್ಷಕ್ಕೆ ಶೇ 3.5ರಂತೆ ಬೆಳವಣಿಗೆ. ಈ ಏರಿಕೆಯ ಶೇ 60ಕ್ಕೆ ಕಾರಣವಾದ ಮೂರು ದೇಶಗಳು ಅಮೆರಿಕ, ಚೀನಾ ಮತ್ತು ಭಾರತ. ‘ಪ್ರವಾಸದ ಹೊರೆ ಪಾಶ್ಚಾತ್ಯರ ಸಮಸ್ಯೆ’ ಎಂದು ಬರೆಯುವ ಕಾಲ ಮುಗಿದಿದೆ.

ಪರೀಕ್ಷೆಯಲ್ಲಿ ಅಂಕಿ ಬರೆಯುವಾಗ ವರ್ಷವನ್ನೂ ಗಡಿಯನ್ನೂ ಜೊತೆಗೆ ಬರೆಯಿರಿ. ‘ಶೇ 8’ ಎಂದಷ್ಟೇ ಬರೆದರೆ ಅರ್ಧ ಉತ್ತರ.

ವಿಮಾನ

• 2018ರ ಲೆಕ್ಕದಲ್ಲಿ ವಾಯುಯಾನದ ಪಾಲು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 2.4. ಆದರೆ ಭೂಮಿ ಬಿಸಿಯಾಗುವುದಕ್ಕೆ ಅದರ ಒಟ್ಟು ಕೊಡುಗೆ ಸುಮಾರು ಶೇ 3.5. ಎತ್ತರದಲ್ಲಿ ವಿಮಾನದ ಹಿಂದೆ ಮೂಡುವ ಬಿಳಿ ಗೆರೆಮೋಡಗಳು ಮತ್ತು ನೈಟ್ರೋಜನ್ ಆಕ್ಸೈಡುಗಳೇ ಈ ವ್ಯತ್ಯಾಸಕ್ಕೆ ಕಾರಣ.

• ಕಿ.ಮೀ.ಗೆ ತಲೆಗೆ 90 ಗ್ರಾಂ ಎಂದು ಹಿಡಿದರೂ ಬೆಂಗಳೂರು-ದೆಹಲಿ ಹೋಗಿಬರುವ ಸುಮಾರು 3,400 ಕಿ.ಮೀ.ಗೆ 306 ಕೆ.ಜಿ. ಮೇಲಿನ ನಾಲ್ವರ ಮಡಿಕೇರಿ ಪ್ರವಾಸದ (ತಲೆಗೆ 37 ಕೆ.ಜಿ.) ಎಂಟು ಪಟ್ಟು.

• ಕಾರ್ಸಿಯಾ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2016ರಲ್ಲಿ ಒಪ್ಪಿದ ಇಂಗಾಲ ಸರಿದೂಗಿಸುವ ಯೋಜನೆ. ಪ್ರಾಯೋಗಿಕ ಹಂತ 2021-23, ಮೊದಲ ಹಂತ 2024-26, ಕಡ್ಡಾಯ ಹಂತ 2027ರಿಂದ. ಭಾರತ ಸೇರುವುದು 2027ರಿಂದ. ಇದು ಅಂತರರಾಷ್ಟ್ರೀಯ ಹಾರಾಟಕ್ಕೆ ಮಾತ್ರ. ದೇಶದೊಳಗಿನ ಹಾರಾಟ ಇದರಡಿ ಬರುವುದಿಲ್ಲ. ಹೇಳಿಕೆ ಸರಿಯೋ ತಪ್ಪೋ ಎಂಬ ಮಾದರಿಯಲ್ಲಿ ಇದನ್ನು ಕೇಳುತ್ತಾರೆ.

ಎರಡು ದ್ವೀಪಗಳು

ಉದಾಹರಣೆ ಬರೆಯಲು ದ್ವೀಪಗಳು ಒಳ್ಳೆಯವು, ಗಡಿ ಸಮುದ್ರವೇ ಹಾಕಿಕೊಟ್ಟಿರುತ್ತದೆ. ತೈವಾನಿನ ಪೆಂಘು ದ್ವೀಪಗಳ ಪ್ರವಾಸೋದ್ಯಮವನ್ನು ಕುವೊ ಮತ್ತು ಚೆನ್ ಎಲ್‌ಸಿಎ ವಿಧಾನದಲ್ಲಿ ಅಳೆದು 2009ರಲ್ಲಿ ಪ್ರಕಟಿಸಿದರು. ಒಬ್ಬ ಪ್ರವಾಸಿಯ ಒಂದು ಪ್ರವಾಸಕ್ಕೆ 1,606 ಮೆಗಾಜೌಲ್ ಶಕ್ತಿ, 607 ಲೀಟರ್ ನೀರು, ಸುಮಾರು 109 ಕೆ.ಜಿ. ಇಂಗಾಲದ ಡೈಆಕ್ಸೈಡ್, 416 ಲೀಟರ್ ಕೊಳಚೆನೀರು, 1.95 ಕೆ.ಜಿ. ಘನತ್ಯಾಜ್ಯ. 109 ಕೆ.ಜಿ.ಯ ಪಕ್ಕದಲ್ಲಿ 1.95 ಕೆ.ಜಿ.ಯನ್ನು ಇಟ್ಟು ನೋಡಿ. ಸ್ವಚ್ಛತಾ ಆಂದೋಲನದ ಫಲಕಗಳೆಲ್ಲ ಎರಡನೆಯದರ ಬಗ್ಗೆ, ಮೊದಲನೆಯದರ ಬಗ್ಗೆ ಒಂದೂ ಇಲ್ಲ.

ಸೀಶೆಲ್ಸ್ ಕುರಿತು ಸ್ಟೀಫನ್ ಗೋಸ್ಲಿಂಗ್ ಮತ್ತು ಸಂಗಡಿಗರ 2002ರ ಅಧ್ಯಯನ ಎಲ್‌ಸಿಎ ಅಲ್ಲ, ಪರಿಸರ ಹೆಜ್ಜೆಗುರುತಿನದು. ಪ್ರವಾಸಿಯ ಶಕ್ತಿಬಳಕೆಯ ಹೆಜ್ಜೆಗುರುತಿನಲ್ಲಿ ಶೇ 97ಕ್ಕೂ ಹೆಚ್ಚು ಪಾಲು ವಿಮಾನ ಪ್ರಯಾಣದ್ದು ಎಂದು ಅದು ತೋರಿಸಿತು. ಹವಳದ ದಿಬ್ಬ, ಕಾಡು ಕಾಪಾಡಿಕೊಂಡು ಪರಿಸರಸ್ನೇಹಿ ಎನಿಸಿಕೊಂಡ ನಾಡು ಅದು. ಸ್ಥಳದಲ್ಲಿ ಹಸಿರು, ದಾರಿಯಲ್ಲಿ ಹೊಗೆ.

ಹೆಸರಿನಲ್ಲಿ ಮೋಸಹೋಗಬೇಡಿ

• ಬಟ್ಲರ್ ಅವರ ಪ್ರವಾಸಿ ತಾಣದ ಜೀವನಚಕ್ರ (1980) ಬೇರೆಯೇ ವಿಷಯ. ಅದು ತಾಣವೊಂದು ಏಳುವ-ಬೀಳುವ ಕಥೆ: ಅನ್ವೇಷಣೆ, ಸ್ಥಳೀಯರ ತೊಡಗುವಿಕೆ, ಅಭಿವೃದ್ಧಿ, ಸ್ಥಿರೀಕರಣ, ಜಡತೆ, ಬಳಿಕ ಕುಸಿತ ಅಥವಾ ಪುನಶ್ಚೇತನ. ಎಲ್‌ಸಿಎಗೂ ಇದಕ್ಕೂ ಹೆಸರಿನ ಹೋಲಿಕೆ ಮಾತ್ರ.

• ಡಾಕ್ಸಿ ಸೂಚ್ಯಂಕ (1975): ಸ್ಥಳೀಯರ ಮನೋಭಾವ ಸಂಭ್ರಮದಿಂದ ನಿರ್ಲಿಪ್ತತೆಗೆ, ಕಿರಿಕಿರಿಗೆ, ಕೊನೆಗೆ ವಿರೋಧಕ್ಕೆ ತಿರುಗುವ ನಾಲ್ಕು ಮೆಟ್ಟಿಲು.

• ಧಾರಣ ಸಾಮರ್ಥ್ಯ: ತಾಣವೊಂದು ಹಾಳಾಗದೆ ತಾಳಿಕೊಳ್ಳಬಲ್ಲ ಸಂದರ್ಶಕರ ಮಿತಿ.

• ಪರಿಸರ ಪರಿಣಾಮ ಮೌಲ್ಯಮಾಪನ, ಅಂದರೆ ಇಐಎ: ಯೋಜನೆ ಶುರುವಾಗುವ ಮೊದಲು, ನಿರ್ದಿಷ್ಟ ಜಾಗದ ಮೇಲಾಗುವ ಪರಿಣಾಮ ನೋಡುವ ಕಾನೂನು ಪ್ರಕ್ರಿಯೆ. ಅಮೆರಿಕದ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಲ್ಲಿ ಬೇರು. ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1994ರ ಅಧಿಸೂಚನೆ, ಈಗ 2006ರದ್ದು. ಇಐಎಗೆ ಜಾಗ ಮುಖ್ಯ, ಎಲ್‌ಸಿಎಗೆ ಸೇವೆ ಮುಖ್ಯ. ಭಾರತದಲ್ಲಿ ಎಲ್‌ಸಿಎ ಪರಿಸರ ಅನುಮತಿಯ ಕಡ್ಡಾಯ ಭಾಗವಲ್ಲ.

2006ರ ಅಧಿಸೂಚನೆಯಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚು ನಿರ್ಮಾಣ ವಿಸ್ತೀರ್ಣದ ಕಟ್ಟಡ ಯೋಜನೆಗಳಿಗೆ ಪೂರ್ವ ಪರಿಸರ ಅನುಮತಿ ಬೇಕು. ಹತ್ತು ಕಾಟೇಜಿನ ರೆಸಾರ್ಟು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಒಂದೇ ಕಣಿವೆಯಲ್ಲಿ ಅಂಥ ಐವತ್ತು ಬಂದರೂ ಪ್ರತಿಯೊಂದೂ ಬಿಡಿಬಿಡಿಯಾಗಿ ಚಿಕ್ಕದೇ. ಸಂಚಿತ ಪರಿಣಾಮವನ್ನು ಅಳೆಯದ ಈ ಕೊರತೆಯನ್ನು ಎತ್ತಿ ತೋರಿಸಿದ ಉತ್ತರ ಮುಖ್ಯ ಪರೀಕ್ಷೆಯಲ್ಲಿ ಗಮನ ಸೆಳೆಯುತ್ತದೆ. ಕರಾವಳಿಗಾದರೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಎಲ್‌ಸಿಎಗೆ ಕಾಣದ್ದು

ವಿಧಾನವನ್ನು ಹೊಗಳಿ ನಿಲ್ಲಿಸಿದರೆ ಉತ್ತರ ಒಂಟಿಕಾಲಿನದಾಗುತ್ತದೆ. ಹತ್ತು ಕೆ.ಜಿ. ಇಂಗಾಲ ಎಲ್ಲಿ ಹೊರಬಿದ್ದರೂ ಹತ್ತು ಕೆ.ಜಿ.ಯೇ. ಆದರೆ ನೂರು ಕಾರುಗಳು ಹೆದ್ದಾರಿಯಲ್ಲಿ ಹೋಗುವುದೂ ಆನೆ ದಾಟುವ ಜಾಗದಲ್ಲಿ ಹೋಗುವುದೂ ಒಂದೇ ಅಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಸುತ್ತುದಾರಿ ಹಿಡಿದ ವಾಹನ ಹೆಚ್ಚು ಇಂಧನ ಸುಡುತ್ತದೆ. ಬರೀ ಇಂಗಾಲದ ಲೆಕ್ಕದಲ್ಲಿ ಈ ನಿಷೇಧ ನಷ್ಟ. ವನ್ಯಜೀವಿಯ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ, ಮತ್ತು ಆ ಸರಿತನವನ್ನು ಎಲ್‌ಸಿಎ ಕೋಷ್ಟಕ ತೋರಿಸಲಾರದು. ಶಬ್ದ, ರಾತ್ರಿಯ ಬೆಳಕು, ಕಾಲುದಾರಿಯ ಸವೆತ, ಊರವರ ಬಾವಿ ಬತ್ತುವುದು, ಇವಕ್ಕೂ ಅದೇ ಮಾತು. ಒಂದೇ ದಿನ ಸಾವಿರ ಜನ ಬೆಟ್ಟ ಹತ್ತಿದರೂ ವರ್ಷವಿಡೀ ಹಂಚಿಹೋಗಿ ಹತ್ತಿದರೂ ವಾರ್ಷಿಕ ಮೊತ್ತ ಒಂದೇ. ಬೆಟ್ಟಕ್ಕೆ ಮಾತ್ರ ಒಂದೇ ಅಲ್ಲ.

ಜನಜಂಗುಳಿಗೆ ಮದ್ದು ಬೇರೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಲಾಯಿತು. ಮೈಸೂರು, ಗುಂಡ್ಲುಪೇಟೆ ದಾಟಿ ಹೋಗುವ ಕನ್ನಡಿಗರಿಗೆ ಇದರ ಬಿಸಿ ನೇರವಾಗಿ ತಟ್ಟಿತು. ಫಿಲಿಪ್ಪೀನ್ಸ್‌ನ ಬೊರಕಾಯ್ ದ್ವೀಪವನ್ನು 2018ರಲ್ಲಿ ಆರು ತಿಂಗಳು ಮುಚ್ಚಿದರು. ವೆನಿಸ್ 2024ರಲ್ಲಿ ದಿನದ ಸಂದರ್ಶಕರಿಗೆ 5 ಯೂರೋ ಶುಲ್ಕ ಹಾಕಿತು. ಭೂತಾನಿನ ಸುಸ್ಥಿರ ಅಭಿವೃದ್ಧಿ ಶುಲ್ಕ 2022ರಲ್ಲಿ ದಿನಕ್ಕೆ 200 ಡಾಲರ್ ಆಗಿ, 2023ರಲ್ಲಿ 100ಕ್ಕೆ ಇಳಿಯಿತು; ಭಾರತೀಯರಿಗೆ 1,200 ರೂಪಾಯಿ.

ಚುಟುಕು ಸಂಗತಿಗಳು

• ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಪ್ರವಾಸೋದ್ಯಮ: 8.9, 12.ಬಿ, 14.7.

• 2002 ಪರಿಸರ ಪ್ರವಾಸೋದ್ಯಮದ ಅಂತರರಾಷ್ಟ್ರೀಯ ವರ್ಷ. 2017 ಅಭಿವೃದ್ಧಿಗಾಗಿ ಸುಸ್ಥಿರ ಪ್ರವಾಸೋದ್ಯಮದ ವರ್ಷ. ಸೆಪ್ಟೆಂಬರ್ 27 ವಿಶ್ವ ಪ್ರವಾಸೋದ್ಯಮ ದಿನ. ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಕೇಂದ್ರ ಮ್ಯಾಡ್ರಿಡ್. 2024ರಿಂದ ‘ಯುಎನ್ ಟೂರಿಸಂ’ ಎಂಬ ಹೆಸರು.

• ಗ್ಲಾಸ್ಗೊ ಘೋಷಣೆ (2021, ಕಾಪ್-26): 2030ರೊಳಗೆ ಪ್ರವಾಸೋದ್ಯಮದ ಹೊರಸೂಸುವಿಕೆ ಅರ್ಧ, 2050ಕ್ಕೆ ಮುಂಚೆಯೇ ಸಾಧ್ಯವಾದಷ್ಟು ಬೇಗ ನಿವ್ವಳ ಶೂನ್ಯ. ಐದು ಮಾರ್ಗಗಳಲ್ಲಿ ಮೊದಲನೆಯದೇ ಅಳತೆ.

• ಪ್ರವಾಸೋದ್ಯಮದ ಸುಸ್ಥಿರತೆ ಅಳೆಯುವ ಸಂಖ್ಯಾಶಾಸ್ತ್ರೀಯ ಚೌಕಟ್ಟಿಗೆ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ಒಪ್ಪಿಗೆ ಕೊಟ್ಟದ್ದು 2024ರಲ್ಲಿ.

• ಭಾರತ: ಸುಸ್ಥಿರ ಪ್ರವಾಸೋದ್ಯಮದ ರಾಷ್ಟ್ರೀಯ ಕಾರ್ಯತಂತ್ರ 2022ರಲ್ಲಿ, ‘ಟ್ರಾವೆಲ್ ಫಾರ್ ಲೈಫ್’ 2023ರಲ್ಲಿ.

• ಕರ್ನಾಟಕ: ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್. ಮಾನದಂಡ 33, ನೀಡುವ ಸಂಸ್ಥೆಯ ನೆಲೆ ಡೆನ್ಮಾರ್ಕ್. ಇದು ತೀರದ ನೀರು, ಸ್ವಚ್ಛತೆ, ಸುರಕ್ಷತೆಯ ಮುದ್ರೆ; ಅಲ್ಲಿಗೆ ಬರುವ ವಾಹನಗಳ ಹೊಗೆ ಅದರ ಲೆಕ್ಕದಲ್ಲಿಲ್ಲ.

ಅಭ್ಯಾಸಕ್ಕೆ ಒಂದು ಲೆಕ್ಕ

20 ಕೋಣೆಗಳ ಹೋಟೆಲೊಂದರಲ್ಲಿ 30 ದಿನದ ತಿಂಗಳೊಂದರಲ್ಲಿ ಸರಾಸರಿ ಶೇ 60ರಷ್ಟು ಕೋಣೆಗಳು ತುಂಬಿವೆ. ವಿದ್ಯುತ್ ಬಳಕೆ 7,200 ಯೂನಿಟ್, ಜನರೇಟರಿಗೆ 200 ಲೀಟರ್ ಡೀಸೆಲ್. ಬಳಸಿದ ಕೋಣೆಯ ಒಂದು ರಾತ್ರಿಗೆ ಇಂಗಾಲದ ಡೈಆಕ್ಸೈಡ್ ಎಷ್ಟು?

ವಿದ್ಯುತ್ತಿನಿಂದ 7,200ಕ್ಕೆ 0.7ರಂತೆ 5,040 ಕೆ.ಜಿ., ಡೀಸೆಲ್‌ನಿಂದ 200ಕ್ಕೆ 2.7ರಂತೆ 540 ಕೆ.ಜಿ., ಒಟ್ಟು 5,580. ತುಂಬಿದ ಕೋಣೆ-ರಾತ್ರಿಗಳು 360. ಉತ್ತರ 15.5 ಕೆ.ಜಿ. ಇದ್ದಬದ್ದ 600 ಕೋಣೆ-ರಾತ್ರಿಗಳಿಂದ ಭಾಗಿಸಿದವರಿಗೆ 9.3 ಬರುತ್ತದೆ, ಆಯ್ಕೆಗಳಲ್ಲಿ ಅದನ್ನೂ ಇಟ್ಟಿರುತ್ತಾರೆ. ಖಾಲಿ ಕೋಣೆ ಯಾರಿಗೂ ಸೇವೆ ಕೊಟ್ಟಿಲ್ಲವಾದ್ದರಿಂದ ಅದು ತಪ್ಪು.